ಹೆಸರು ಹಾಕುವ ಮುನ್ನ ಬಾಲ ನೋಡಿ
ಕನ್ನಡ ಸುದ್ದಿಮನೆಗಳ ಡೆಸ್ಕಿನಲ್ಲಿ ಕೂರುವವರಿಗೆ ಒಂದು ಬಹಿರಂಗ ಪತ್ರ



ಆ್ಯಂಕರ್‌ಗಳನ್ನು ಬೈಯುವುದು ಸುಲಭ, ಮುಖ ಕಾಣಿಸುತ್ತದೆ. ಈ ಪತ್ರ ಅವರಿಗಲ್ಲ. ತೆರೆಯ ಹಿಂದೆ ಕೂತು ಅಡಿಬರಹ ಬರೆಯುವವರು, ಸ್ಕ್ರಾಲ್ ಹಾಕುವವರು, ಪ್ಯಾಕೇಜಿಗೆ ದೃಶ್ಯ ಹುಡುಕುವವರು, ಮುಖಪುಟಕ್ಕೆ ಚಿತ್ರ ಆರಿಸುವವರು, ಯೂಟ್ಯೂಬಿಗೆ ಥಂಬ್‌ನೇಲ್ ಮಾಡುವವರು, ನಿಮಗೆ ಬರೆಯುತ್ತಿದ್ದೇನೆ. ಗಡಿಯಲ್ಲಿ ಗುಂಡಿನ ಸದ್ದು ಕೇಳಿದ ರಾತ್ರಿ ಏಜೆನ್ಸಿಯ ಫೀಡು, ವಾಟ್ಸ್‌ಆ್ಯಪ್ ಗುಂಪು, ಎಕ್ಸ್ ಖಾತೆ ಎಲ್ಲ ಕಡೆಯಿಂದ ದೃಶ್ಯಗಳು ನಿಮ್ಮ ಮೇಜಿಗೆ ಬಂದು ಬೀಳುತ್ತವೆ. ಅರ್ಧ ನಿಮಿಷದಲ್ಲಿ ‘ಇದು ಇಂಥದ್ದು’ ಎಂದು ಬರೆಯಬೇಕು. ನೀವು ಬರೆದದ್ದನ್ನೇ ಆ್ಯಂಕರ್ ಓದುತ್ತಾರೆ, ಆ್ಯಂಕರ್ ಓದಿದ್ದನ್ನೇ ಬೆಳಿಗ್ಗೆ ಹೋಟೆಲಿನಲ್ಲಿ ಜನ ಆಡುತ್ತಾರೆ.

ನಾನು ಸೈನಿಕನಲ್ಲ, ರಕ್ಷಣಾ ತಜ್ಞನೂ ಅಲ್ಲ. ಯಲಹಂಕದ ಕಡೆ ಮನೆ ಇರುವುದರಿಂದ ತಲೆ ಎತ್ತಿ ನೋಡುವ ಚಟ ಹತ್ತಿದವನು. ಆ ಚಟದಿಂದ ಕಲಿತದ್ದು ಒಂದೇ ಮಾತು. ಯುದ್ಧವಿಮಾನ, ಟ್ಯಾಂಕು, ಹಡಗು, ಡ್ರೋನು, ಇವನ್ನು ಗುರುತಿಸಲು ದೊಡ್ಡ ಪಾಂಡಿತ್ಯ ಬೇಡ. ಎಲ್ಲಿ ನೋಡಬೇಕು ಎಂದು ಗೊತ್ತಿರಬೇಕು, ಕಂಡಷ್ಟನ್ನು ಹೇಳಿ ನಿಲ್ಲಿಸಲು ಗೊತ್ತಿರಬೇಕು.

2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಕಾದಾಡಿದ ಆ ನಾಲ್ಕು ದಿನಗಳನ್ನು ನೆನೆಯಿರಿ. ಬಹಾವಲ್ಪುರದ ಬಳಿ ಭಾರತದ ರಫೇಲ್ ಬಿದ್ದಿದೆ ಎಂದು ಒಂದು ಚಿತ್ರ ಹರಿದಾಡಿತು. ಅದು 2021ರಲ್ಲಿ ಪಂಜಾಬಿನ ಮೋಗಾದಲ್ಲಿ ಬಿದ್ದ ಮಿಗ್-21ರ ಅವಶೇಷದ ಚಿತ್ರ ಎಂದು ಪಿಐಬಿಯ ಫ್ಯಾಕ್ಟ್ ಚೆಕ್ ವಿಭಾಗ ಹೇಳಬೇಕಾಯಿತು. ಇತ್ತ ನಮ್ಮ ದೇಶದ ಹಲವು ವಾಹಿನಿಗಳು ಕರಾಚಿ ಬಂದರು ನೌಕಾಪಡೆಯ ದಾಳಿಗೆ ಧ್ವಂಸವಾಯಿತು ಎಂದು ರಾತ್ರಿಯೆಲ್ಲ ಸಾರಿದವು. ಬೆಳಗಾದಾಗ ಬಂದರು ಇದ್ದಲ್ಲೇ ಇತ್ತು. ಆಮೇಲೆ ನಡೆದ ಅಧಿಕೃತ ಪತ್ರಿಕಾಗೋಷ್ಠಿಯಲ್ಲಿ ನೌಕಾಪಡೆ ಹೇಳಿದ್ದು, ತಾನು ಹೊಡೆಯಲು ಸಿದ್ಧವಾಗಿ ನಿಂತಿದ್ದೆ ಎಂದಷ್ಟೇ. ಗಡಿಯ ಎರಡೂ ಬದಿಯಲ್ಲಿ ವಿಡಿಯೊ ಗೇಮಿನ ತುಣುಕುಗಳು ನಿಜವಾದ ಕಾದಾಟ ಎಂಬಂತೆ ಓಡಿದವು.

‘ಒಂದು ಹೆಸರು ತಪ್ಪಾದರೆ ಏನಾಯಿತು, ತಿದ್ದಿದರಾಯಿತು’ ಎನ್ನಬಹುದು. ಹೆಸರು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಲೆಕ್ಕ ಇದೆ.

1988ರ ಜುಲೈ 3ರಂದು ಅಮೆರಿಕದ ‘ವಿನ್ಸೆನ್ಸ್’ ಎಂಬ ಕ್ರೂಸರ್ ಹಡಗು ಪರ್ಷಿಯನ್ ಕೊಲ್ಲಿಯಲ್ಲಿ ಇರಾನಿನ ಪ್ರಯಾಣಿಕ ವಿಮಾನವನ್ನು ಎಫ್-14 ಯುದ್ಧವಿಮಾನ ಎಂದು ಭಾವಿಸಿ ಹೊಡೆದುಹಾಕಿತು. 290 ಜನ ಸತ್ತರು. ಆ ಏರ್‌ಬಸ್ ಮೇಲೇರುತ್ತಿತ್ತು. ಹಡಗಿನಲ್ಲಿದ್ದ ಕೆಲವರಿಗೆ ಅದು ತಮ್ಮ ಮೇಲೆ ಇಳಿದು ಬರುತ್ತಿದೆ ಎನಿಸಿತ್ತು. 1994ರ ಏಪ್ರಿಲ್ 14ರಂದು ಉತ್ತರ ಇರಾಕಿನ ಆಕಾಶದಲ್ಲಿ ಅಮೆರಿಕದ್ದೇ ಎರಡು ಎಫ್-15 ವಿಮಾನಗಳು ಅಮೆರಿಕದ್ದೇ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳನ್ನು ಉರುಳಿಸಿದವು. ಪೈಲಟ್‌ಗಳು ಹತ್ತಿರ ಹಾದುಹೋಗಿ ಕಣ್ಣಾರೆ ನೋಡಿಯೇ ಅವು ರಷ್ಯನ್ ಮೂಲದ ‘ಹೈಂಡ್’ ಹೆಲಿಕಾಪ್ಟರ್ ಎಂದು ತೀರ್ಮಾನಿಸಿದ್ದರು. ಬ್ಲ್ಯಾಕ್ ಹಾಕ್‌ನ ಎರಡು ಮಗ್ಗುಲಿಗೆ ಹೆಚ್ಚುವರಿ ಇಂಧನದ ಟ್ಯಾಂಕು ತೂಗುಹಾಕಿದ್ದರಿಂದ ಅದಕ್ಕೆ ಹೈಂಡ್‌ನ ಮೋಟು ರೆಕ್ಕೆಯ ಹೋಲಿಕೆ ಬಂದಿತ್ತು. 26 ಜನ ಹೋದರು. ನಮ್ಮಲ್ಲೇ ನೋಡಿ: 2019ರ ಫೆಬ್ರುವರಿ 27ರ ಬೆಳಿಗ್ಗೆ ಶ್ರೀನಗರದ ಬಳಿಯ ಬಡಗಾಂನಲ್ಲಿ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ನಮ್ಮದೇ ಕ್ಷಿಪಣಿಗೆ ಬಲಿಯಾಯಿತು. ಒಳಗಿದ್ದ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ತೀರಿಕೊಂಡರು. ಅದು ದೊಡ್ಡ ತಪ್ಪು ಎಂದು ವಾಯುಪಡೆಯ ಮುಖ್ಯಸ್ಥರೇ ಬಹಿರಂಗವಾಗಿ ಒಪ್ಪಿಕೊಂಡರು.

ಇವರೆಲ್ಲ ತರಬೇತಿ ಪಡೆದವರು. ಇವರ ಕೈಯಲ್ಲಿ ರೇಡಾರ್ ಇತ್ತು. ನಿಮ್ಮ ಕೈಯಲ್ಲಿರುವುದು ಎಂಟು ಸಲ ಫಾರ್ವರ್ಡ್ ಆಗಿ ಮಸುಕಾದ ಒಂದು ತುಣುಕು. ನೀವು ಕ್ಷಿಪಣಿ ಹಾರಿಸುವುದಿಲ್ಲ ನಿಜ. ಆದರೆ ಅಂಬಾಲದಲ್ಲಿ, ಬೀದರಿನಲ್ಲಿ ಮಗನೋ ಅಳಿಯನೋ ಕೆಲಸಕ್ಕಿರುವ ಮನೆಯವರು ನಿಮ್ಮ ಸ್ಕ್ರಾಲ್ ಓದುತ್ತಿರುತ್ತಾರೆ. ‘ರಫೇಲ್ ಪತನ’ ಎಂಬ ಎರಡು ಪದ ಆ ಮನೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ನಾನು ವಿವರಿಸಬೇಕಿಲ್ಲ.

ಗುರುತಿಸುವುದು ಒಂದು ಏಣಿ. ಮೊದಲ ಮೆಟ್ಟಿಲು: ಇದು ವಿಮಾನವೋ, ಹೆಲಿಕಾಪ್ಟರೋ, ಡ್ರೋನೋ? ಎರಡನೆಯದು: ಯುದ್ಧವಿಮಾನವೋ, ಸಾಗಣೆ ವಿಮಾನವೋ? ಮೂರನೆಯದು: ಯಾವ ಕುಟುಂಬ? ನಾಲ್ಕನೆಯದು: ನಿಖರವಾಗಿ ಯಾವ ಮಾದರಿ? ಕೊನೆಯದು: ಯಾರದ್ದು? ಅನೇಕ ಸಲ ದೃಶ್ಯ ಎರಡನೆಯ ಮೆಟ್ಟಿಲಿಗೇ ಸಾಕಾಗುತ್ತದೆ. ಅಡಿಬರಹ ಮಾತ್ರ ಐದನೆಯ ಮೆಟ್ಟಿಲಿನಿಂದ ಕೂಗುತ್ತಿರುತ್ತದೆ. ನಮ್ಮ ತೊಂದರೆಯೆಲ್ಲ ಈ ಅಂತರದಲ್ಲಿದೆ.

ಆಕಾಶದಲ್ಲಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಸಾಮಾನ್ಯ ಜನರಿಗೇ ವಿಮಾನ ಗುರುತಿಸಲು ಕಲಿಸಿದ್ದರು. ಕಪ್ಪು ನೆರಳುಚಿತ್ರದ ಕಾರ್ಡುಗಳು, ಇಸ್ಪೀಟಿನ ಎಲೆಗಳ ಮೇಲೂ ವಿಮಾನದ ಆಕಾರಗಳು. ತರಬೇತಿಗೆ ಬೇಕೆಂದು ಅಮೆರಿಕದ ನೌಕಾಪಡೆ 1942ರಲ್ಲಿ ಶಾಲಾ ಮಕ್ಕಳಿಂದ ಐದು ಲಕ್ಷ ಮರದ ಮಾದರಿಗಳನ್ನು ಕೇಳಿತ್ತು. ಓಹಾಯೊದ ಮನಶ್ಶಾಸ್ತ್ರಜ್ಞ ಸ್ಯಾಮ್ಯುಯಲ್ ರೆನ್‌ಶಾ, ಪರದೆಯ ಮೇಲೆ ಆಕಾರವನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿ ಹೆಸರು ಹೇಳಿಸುವ ಪದ್ಧತಿ ರೂಪಿಸಿದರು. ಆಗ ಕಲಿಸಿದ ಕ್ರಮ ಈಗಲೂ ಕೆಲಸಕ್ಕೆ ಬರುತ್ತದೆ: ರೆಕ್ಕೆ, ಎಂಜಿನ್, ಒಡಲು, ಬಾಲ. ನಾಲ್ಕನ್ನೂ ಇದೇ ಸರದಿಯಲ್ಲಿ ನೋಡಿ. ಊರಿನ ದಾರಿಯಲ್ಲಿ ದೂರದಿಂದ ಬರುವವರನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತು ಹಿಡಿಯುತ್ತೇವಲ್ಲ, ಕೆಲವು ತಿಂಗಳು ಅಭ್ಯಾಸವಾದ ಮೇಲೆ ವಿಮಾನವೂ ಹಾಗೆಯೇ ಸಿಗುತ್ತದೆ.

ನಮ್ಮವರಿಂದಲೇ ಶುರು ಮಾಡೋಣ. ತೇಜಸ್ ಬೆಂಗಳೂರಿನದೇ ಕೂಸು. 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ್ದು ಇಲ್ಲೇ. ಸುಮಾರು 13 ಮೀಟರ್ ಉದ್ದ, 8 ಮೀಟರ್ ಅಗಲದ ಪುಟ್ಟ ವಿಮಾನ. ತ್ರಿಕೋನದ ರೆಕ್ಕೆ, ಆ ರೆಕ್ಕೆಯ ಮುಂಚೂಣಿಯ ಅಂಚಿನಲ್ಲಿ ಒಂದು ಮುರಿತ; ಹಿಂದೆ ಅಡ್ಡ ಬಾಲವಿಲ್ಲ, ನಿಂತ ಬಾಲ ಒಂದೇ; ಎಂಜಿನ್ ಒಂದೇ; ಮುಂದೆ ಕಿರುರೆಕ್ಕೆಗಳಿಲ್ಲ. ಮಿರಾಜ್-2000ಕ್ಕೂ ತ್ರಿಕೋನದ ರೆಕ್ಕೆ, ಒಂದೇ ಎಂಜಿನ್, ಒಂದೇ ಬಾಲ. ಆದರೆ ಅದರ ರೆಕ್ಕೆಯ ಅಂಚು ಮುರಿಯದೆ ನೇರ ಗೆರೆಯಲ್ಲಿ ಹಿಂದಕ್ಕೆ ಓಡುತ್ತದೆ, ಎಂಜಿನ್ನಿಗೆ ಗಾಳಿ ಎಳೆಯುವ ಬಾಯಿಗಳಲ್ಲಿ ಅರ್ಧ ಶಂಕುವಿನ ಮೂತಿ ಚಾಚಿರುತ್ತದೆ.

ರಫೇಲ್‌ಗೂ ತ್ರಿಕೋನದ ರೆಕ್ಕೆಯೇ. ಅದರ ಮುಂದೆ, ಪೈಲಟ್ ಕೂರುವ ಗಾಜಿನ ಗೂಡಿನ ಹಿಂದೆ, ಮುಖ್ಯ ರೆಕ್ಕೆಗೆ ಒತ್ತಿಕೊಂಡಂತೆ ಎರಡು ಕಿರುರೆಕ್ಕೆಗಳಿವೆ. ಇವಕ್ಕೆ ಕೆನಾರ್ಡ್ ಎನ್ನುತ್ತಾರೆ. ಎಂಜಿನ್ ಎರಡು, ನಿಂತ ಬಾಲ ಒಂದು. ಮೂತಿಯ ಬಲಕ್ಕೆ ಹಾರುತ್ತಲೇ ಇಂಧನ ತುಂಬಿಸಿಕೊಳ್ಳುವ ಕೊಳವೆ ಎದ್ದು ನಿಂತಿರುತ್ತದೆ, ಒಳಗೆ ಮಡಚಿಕೊಳ್ಳುವುದಿಲ್ಲ. ಯುರೋಪಿನ ಟೈಫೂನ್‌ಗೂ ಇದೇ ಮೈಕಟ್ಟು. ಆದರೆ ಅದರ ಕೆನಾರ್ಡ್‌ಗಳು ಮೂತಿಯ ಹತ್ತಿರ ಮುಂದಕ್ಕೆ ಹೋಗಿವೆ, ಗಾಳಿಯ ಬಾಯಿ ಹೊಟ್ಟೆಯ ಕೆಳಗೆ ಅಗಲವಾಗಿ ತೆರೆದಿದೆ. ಪಾಕಿಸ್ತಾನ ಹಾರಿಸುವ ಚೀನಾದ ಜೆ-10ಸಿಗೂ ತ್ರಿಕೋನ ಮತ್ತು ಕೆನಾರ್ಡ್ ಇವೆ. ಎಂಜಿನ್ ಒಂದೇ, ಗಾಳಿಯ ಬಾಯಿ ಹೊಟ್ಟೆಯ ಕೆಳಗೆ. ಹಾಗಾಗಿ ಕೆನಾರ್ಡ್ ಕಂಡ ಕೂಡಲೇ ‘ರಫೇಲ್’ ಎಂದು ಬರೆಯಬೇಡಿ. ಹಿಂದಿನಿಂದ ಎಷ್ಟು ಬೆಂಕಿಯ ಬಾಯಿ ಕಾಣುತ್ತಿವೆ, ಗಾಳಿ ಎಲ್ಲಿಂದ ಒಳಗೆ ಹೋಗುತ್ತಿದೆ ಎಂದು ನೋಡಿ.

ಎಫ್-16ಕ್ಕೂ ಹೊಟ್ಟೆಯ ಕೆಳಗಿನ ಬಾಯಿ ಇದೆ, ಕೆನಾರ್ಡ್ ಇಲ್ಲ, ಹಿಂದೆ ಅಡ್ಡ ಬಾಲ ಇದೆ. ಪಾಕಿಸ್ತಾನದ ಜೆಎಫ್-17ರಲ್ಲಿ ಗಾಳಿಯ ಬಾಯಿ ಎರಡು ಮಗ್ಗುಲಿಗೆ. ಇನ್ನು ಸುಖೋಯ್-30ಎಂಕೆಐ ಎಂದರೆ ಭಾರೀ ಗಾತ್ರ, ಎರಡು ಎಂಜಿನ್, ಎರಡು ನಿಂತ ಬಾಲ, ಕೆನಾರ್ಡ್, ಎರಡು ಎಂಜಿನ್ನುಗಳ ನಡುವಿನಿಂದ ಹಿಂದಕ್ಕೆ ಚಾಚಿದ ಒಂದು ಕೊಂಡಿ. ಮಿಗ್-29ಕ್ಕೂ ಎರಡು ಎಂಜಿನ್, ಎರಡು ಬಾಲ. ಕೊಂಡಿಯೂ ಇಲ್ಲ, ಕೆನಾರ್ಡೂ ಇಲ್ಲ.

ಮಿಗ್-21 ಇವೆಲ್ಲಕ್ಕಿಂತ ಸುಲಭ. ಮೂತಿಯೇ ಗಾಳಿಯ ಬಾಯಿ, ಅದರ ನಡುವೆ ಒಂದು ಶಂಕು. 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ನಮ್ಮ ವಾಯುಪಡೆ ಅದಕ್ಕೆ ಬೀಳ್ಕೊಡುಗೆ ಕೊಟ್ಟಿತು. ಆ ದಿನದ ನಂತರದ ಘಟನೆ ಎಂದು ಯಾರಾದರೂ ನಮ್ಮ ಮಿಗ್-21ರ ದೃಶ್ಯ ಕಳಿಸಿದರೆ ಮೊದಲು ಅನುಮಾನಿಸಬೇಕಾದ್ದು ದೃಶ್ಯದ ತಾರೀಖನ್ನು.

ಅವಶೇಷದ ಚಿತ್ರವಾದರೆ ಬಾಲದ ತುಂಡು ಹುಡುಕಿ. ಬಾಲದ ಮೇಲಿನ ಬಣ್ಣದ ಪಟ್ಟಿ, ರೆಕ್ಕೆಯ ಮೇಲಿನ ವೃತ್ತ, ಅಂಕಿ, ಇವು ಸುಟ್ಟ ಮೇಲೂ ಒಮ್ಮೊಮ್ಮೆ ಉಳಿದಿರುತ್ತವೆ. ನಮ್ಮದು ಕೇಸರಿ, ಬಿಳಿ, ಹಸಿರು. ಪಾಕಿಸ್ತಾನದ್ದು ಹಸಿರು, ಬಿಳಿ. ಬಣ್ಣದ ಗುರುತಿಗೆ ಎಂಥ ಬೆಲೆ ಎಂಬುದಕ್ಕೆ 1944ರ ಜೂನ್ 6 ಸಾಕ್ಷಿ. ನಾರ್ಮಂಡಿಯಲ್ಲಿ ಇಳಿಯುವ ದಿನ ತಮ್ಮವರೇ ತಮ್ಮ ವಿಮಾನಗಳನ್ನು ಹೊಡೆಯಬಾರದೆಂದು ಮಿತ್ರಪಡೆಗಳು ಸಾವಿರಾರು ವಿಮಾನಗಳಿಗೆ ಮೂರು ಬಿಳಿ, ಎರಡು ಕಪ್ಪು ಪಟ್ಟೆ ಬಳಿಸಿದ್ದವು.

ಹೆಲಿಕಾಪ್ಟರಿನಲ್ಲಿ ಗೊಂದಲವಾಗುವ ಜೋಡಿ ಪ್ರಚಂಡ್ ಮತ್ತು ಅಪಾಚೆ. ಎರಡಕ್ಕೂ ಕಿರಿದಾದ ಮೈ, ಒಬ್ಬರ ಹಿಂದೆ ಒಬ್ಬರು ಕೂರುವ ವ್ಯವಸ್ಥೆ. ತಿರುಗುವ ರೆಕ್ಕೆಗಳ ಮೇಲೆ ಗುಡಾಣದಂಥ ರೇಡಾರ್ ಗುಮ್ಮಟ ಕಂಡರೆ ಅಪಾಚೆ. ಆದರೆ ಎಲ್ಲ ಅಪಾಚೆಗೂ ಗುಮ್ಮಟ ಇರುವುದಿಲ್ಲ. ಇಲ್ಲದಿದ್ದರೆ ಬೇರೆ ಗುರುತು ಹುಡುಕಿ. ಸಾಗಣೆ ವಿಮಾನಗಳಲ್ಲಿ ಎಂಜಿನ್ ಲೆಕ್ಕ ಮಾಡಿದರೆ ಅರ್ಧ ಕೆಲಸ ಮುಗಿಯಿತು. ನಾಲ್ಕು ಜೆಟ್ ಎಂಜಿನ್, ಬಾಲದ ತುದಿಯಲ್ಲಿ ಅಡ್ಡಪಟ್ಟಿ, ರೆಕ್ಕೆಯ ತುದಿ ಮೇಲಕ್ಕೆ ಮಡಚಿದ್ದರೆ ಸಿ-17. ಎಂಜಿನ್, ಬಾಲ ಹಾಗೆಯೇ ಇದ್ದು, ರೆಕ್ಕೆಯ ತುದಿ ಮಡಚದೆ, ಮೂತಿಯ ಕೆಳಗೆ ಗಾಜಿನ ಕಿಟಕಿಗಳಿದ್ದರೆ ಐಎಲ್-76. ಆರು ಅಲಗಿನ ನಾಲ್ಕು ಪ್ರೊಪೆಲರ್ ಇದ್ದರೆ ಸಿ-130ಜೆ. ರೆಕ್ಕೆಯ ಮೇಲೆ ಎತ್ತರಕ್ಕೆ ಕೂರಿಸಿದ ಎರಡು ಪ್ರೊಪೆಲರ್ ಎಂಜಿನ್ ಇದ್ದರೆ ಎಎನ್-32.

ನೆಲದ ಮೇಲೆ

ಸರಪಳಿಯ ಮೇಲೆ ಓಡುವುದೆಲ್ಲ ಟ್ಯಾಂಕ್ ಅಲ್ಲ. ಗುಜರಾತಿನ ಹಜೀರಾದಲ್ಲಿ ತಯಾರಾಗುವ ಕೆ-9 ವಜ್ರ ತನ್ನಷ್ಟಕ್ಕೆ ಓಡುವ ಫಿರಂಗಿ. ದೊಡ್ಡ ಪೆಟ್ಟಿಗೆಯಂಥ ಗೋಪುರ ಹಿಂಭಾಗದಲ್ಲಿ, ಅದರಿಂದ ಬಹಳ ಉದ್ದದ 155 ಮಿ.ಮೀ. ನಳಿಗೆ. ಶತ್ರುವನ್ನು ಕಣ್ಣೆದುರು ಎದುರಿಸುವ ಬದಲು ಹತ್ತಾರು ಕಿಲೊಮೀಟರ್ ಹಿಂದೆ ನಿಂತು ಹೊಡೆಯುವುದು ಅದರ ಕೆಲಸ. ಬಿಎಂಪಿ-2 ಎಂಬುದು ಕಾಲಾಳುಗಳನ್ನು ಹೊತ್ತೊಯ್ಯುವ ವಾಹನ. ಚಪ್ಪಟೆ ಮೈ, ಚೂಪು ಮೂತಿ, ಸಣ್ಣ ಗೋಪುರ, ಪೆನ್ಸಿಲಿನಷ್ಟು ತೆಳ್ಳಗೆ ಕಾಣುವ 30 ಮಿ.ಮೀ. ತೋಪು. ‘ಗಡಿಗೆ ಟ್ಯಾಂಕ್‌ಗಳ ದಂಡು’ ಎಂದು ಬರೆದು ಬಿಎಂಪಿಗಳನ್ನು ತೋರಿಸಿದರೆ ಸುದ್ದಿಯ ಅರ್ಥವೇ ಬದಲಾಗುತ್ತದೆ.

ನಿಜವಾದ ಟ್ಯಾಂಕ್ ಆದರೆ ಮೊದಲು ಗಾಲಿ ಎಣಿಸಿ. ಸರಪಳಿಯ ಒಳಗೆ ಒಂದು ಬದಿಗೆ ಕಾಣುವ ದೊಡ್ಡ ಗಾಲಿಗಳು. ಹಳೆಯ ಟಿ-55ಕ್ಕೆ ಐದು, ಮೊದಲ ಮತ್ತು ಎರಡನೆಯ ಗಾಲಿಯ ನಡುವೆ ಎದ್ದುಕಾಣುವ ಸಂದು. ಟಿ-62ಕ್ಕೂ ಐದೇ, ಸಂದು ಹಿಂದಿನ ಗಾಲಿಗಳ ನಡುವೆ. ಟಿ-72, ಟಿ-90ಗಳಿಗೆ ಆರು. ನಮ್ಮ ಅರ್ಜುನ್, ಜರ್ಮನಿಯ ಲೆಪರ್ಡ್-2, ಅಮೆರಿಕದ ಏಬ್ರಮ್ಸ್‌ಗಳಿಗೆ ಏಳು. ರಷ್ಯನ್ ವಂಶದ ಟ್ಯಾಂಕುಗಳು ಕುಳ್ಳಗೆ, ಗೋಪುರ ಬೋರಲು ಹಾಕಿದ ಬಟ್ಟಲಿನಂತೆ ದುಂಡಗೆ. ಅರ್ಜುನ್, ಏಬ್ರಮ್ಸ್‌ಗಳ ಗೋಪುರ ಚಪ್ಪಟೆ ಹಲಗೆಗಳನ್ನು ಜೋಡಿಸಿದಂತೆ ಕೋನಕೋನವಾಗಿ. ಇಸ್ರೇಲಿನ ಮರ್ಕವಾದಲ್ಲಿ ಎಂಜಿನ್ ಮುಂದಿದೆ, ಹಾಗಾಗಿ ಗೋಪುರ ಹಿಂದಕ್ಕೆ ಸರಿದಿದೆ; ಗೋಪುರದ ಹಿಂಬದಿಗೆ ಗುಂಡು ಪೋಣಿಸಿದ ಸರಪಳಿಗಳ ಪರದೆ ಇಳಿಬಿದ್ದಿರುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ರಷ್ಯಾದ ಟಿ-90ರ ಮುಂದೆ ತೋಪಿನ ಆಚೀಚೆ ಕೆಂಪಗೆ ಹೊಳೆಯುವ ಎರಡು ಕಣ್ಣುಗಳಿರುತ್ತವೆ. ಎದುರಿನ ಕ್ಷಿಪಣಿಯ ಮಾರ್ಗದರ್ಶನ ಕೆಡಿಸುವ ಸಾಧನ ಅದು. ಭಾರತ ಕೊಂಡ ಟಿ-90 ಭೀಷ್ಮದಲ್ಲಿ ಆ ಕಣ್ಣುಗಳಿಲ್ಲ. ಕೆಂಪು ಕಣ್ಣಿನ ಟ್ಯಾಂಕಿನ ಚಿತ್ರ ಹಾಕಿ ‘ರಾಜಸ್ಥಾನ ಗಡಿಯಲ್ಲಿ ಭೀಷ್ಮ’ ಎಂದು ಬರೆದರೆ ಬಲ್ಲವರು ನಗುತ್ತಾರೆ. ನಗದಿರುವ ಉಳಿದವರು ತಪ್ಪನ್ನೇ ಕಲಿಯುತ್ತಾರೆ, ಅದು ಇನ್ನೂ ಕಷ್ಟ.

ನೀರಿನ ಮೇಲೆ

ಹಡಗುಗಳ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಅವುಗಳ ಮೈಮೇಲೆ ಹೆಸರಿನ ಬದಲು ಒಂದು ಗುರುತು ಬರೆದಿರುತ್ತದೆ. ನಮ್ಮ ನೌಕಾಪಡೆಯಲ್ಲಿ ಆರ್ ಎಂದರೆ ವಿಮಾನವಾಹಕ, ಡಿ ಎಂದರೆ ಡೆಸ್ಟ್ರಾಯರ್, ಎಫ್ ಎಂದರೆ ಫ್ರಿಗೇಟ್, ಎಲ್ ಎಂದರೆ ಸೈನ್ಯ ಇಳಿಸುವ ಹಡಗು. ಡಿ 63 ಐಎನ್‌ಎಸ್ ಕೋಲ್ಕತ್ತ, ಡಿ 66 ವಿಶಾಖಪಟ್ಟಣಂ, ಡಿ 67 ಮೊರ್ಮುಗಾವ್, ಎಫ್ 40 ತಲ್ವಾರ್. ದೃಶ್ಯವನ್ನು ನಿಲ್ಲಿಸಿ, ದೊಡ್ಡದು ಮಾಡಿ, ಅಂಕಿ ಓದಿ. ಯುದ್ಧದ ಸಮಯದಲ್ಲಿ ಕೆಲವು ದೇಶಗಳು ಅಂಕಿಯ ಮೇಲೆ ಬಣ್ಣ ಬಳಿದು ಮುಚ್ಚುವುದೂ ಉಂಟು. ಆಗ ಆಕಾರ ನೋಡಿ.

ವಿಮಾನವಾಹಕಗಳ ಆಕಾರ ದೂರದಿಂದಲೇ ತಿಳಿಯುತ್ತದೆ. ನಮ್ಮ ವಿಕ್ರಾಂತ್, ವಿಕ್ರಮಾದಿತ್ಯಗಳ ಮೂತಿ ಜಾರುಬಂಡೆ ತಿರುಗಿಸಿದಂತೆ ಮೇಲಕ್ಕೆ ಬಾಗಿದೆ. ಅಮೆರಿಕದವುಗಳ ಅಟ್ಟ ಚಪ್ಪಟೆ, ವಿಮಾನವನ್ನು ಕವಣೆಯಿಂದ ಬೀಸಿದಂತೆ ಎಸೆಯುವ ಯಂತ್ರ ಇದೆ. ಚೀನಾದ ಲಿಯಾವೊನಿಂಗ್, ಶಾನ್‌ಡಾಂಗ್‌ಗಳಿಗೆ ಬಾಗಿದ ಮೂತಿ, ಹೊಸ ಫೂಜಿಯನ್‌ಗೆ ಚಪ್ಪಟೆ ಅಟ್ಟ. ಅಟ್ಟದ ಮೇಲೆ ಒಂದರ ಬದಲು ಎರಡು ಗೋಪುರಗಳು ನಿಂತಿದ್ದರೆ ಬ್ರಿಟನ್ನಿನ ಕ್ವೀನ್ ಎಲಿಜಬೆತ್ ವರ್ಗ.

ಅಂಕಿಯೂ ಮೋಸ ಮಾಡಬಲ್ಲದು ಎಂಬುದಕ್ಕೆ ನಮ್ಮ ಮನೆಯ ಉದಾಹರಣೆಯೇ ಇದೆ. ಆರ್ 11 ಎಂಬ ಗುರುತು ಎರಡು ಹಡಗುಗಳದ್ದು. 1961ರಲ್ಲಿ ನೌಕಾಪಡೆ ಸೇರಿ 1997ರ ಜನವರಿಯಲ್ಲಿ ನಿವೃತ್ತವಾದ ಹಳೆಯ ವಿಕ್ರಾಂತ್, ಮತ್ತು 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ, 262 ಮೀಟರ್ ಉದ್ದದ ಇಂದಿನ ವಿಕ್ರಾಂತ್. ಹಳೆಯದು ಒಡೆದು ಗುಜರಿಗೆ ಹೋಗಿ ವರ್ಷಗಳಾದವು. ಅದರ ಅಟ್ಟದ ಮೇಲೆ ಸೀ ಹ್ಯಾರಿಯರ್ ವಿಮಾನಗಳಿದ್ದವು. ಹೊಸದರ ಮೇಲೆ ನಿಲ್ಲುವುದು ಮಿಗ್-29ಕೆ. ಅಂಕಿ ಒಂದೇ ಆದರೂ ಅಟ್ಟದ ಮೇಲಿನ ವಿಮಾನ ಕಾಲವನ್ನು ಹೇಳಿಬಿಡುತ್ತದೆ. ಒಂದು ಗುರುತನ್ನು ಇನ್ನೊಂದು ಗುರುತಿನಿಂದ ಖಚಿತ ಮಾಡಿಕೊಳ್ಳಿ ಎನ್ನುವುದು ಇದಕ್ಕೇ.

ಕಪ್ಪು ಸಮುದ್ರದಲ್ಲಿ 2022ರ ಏಪ್ರಿಲ್ 14ರಂದು ಮುಳುಗಿದ ರಷ್ಯಾದ ‘ಮಾಸ್ಕ್ವಾ’ದ ಚಿತ್ರಗಳು ಹೊರಬಂದಾಗ ಜಗತ್ತಿನ ಹವ್ಯಾಸಿಗಳು ಕೂಡಲೇ ಅದನ್ನು ಹಿಡಿದಿದ್ದು ಹೇಗೆ? ಹಡಗಿನ ಎರಡೂ ಮಗ್ಗುಲಿಗೆ ಎಂಟೆಂಟರಂತೆ ಓರೆಯಾಗಿ ಜೋಡಿಸಿದ ಹದಿನಾರು ಭಾರೀ ಕ್ಷಿಪಣಿ ಕೊಳವೆಗಳಿಂದ. ಆ ವರ್ಗದ ಹಡಗು ಬಿಟ್ಟರೆ ಅಂಥ ನೋಟ ಬೇರೆಲ್ಲೂ ಇಲ್ಲ.

ಡ್ರೋನ್ ಮತ್ತು ಬೆಳಕಿನ ಚುಕ್ಕೆ

ಅತಿ ಹೆಚ್ಚು ಎಡವುವುದು ಇಲ್ಲಿ. ಮದುವೆಯ ವಿಡಿಯೊ ತೆಗೆಯುವ ನಾಲ್ಕು ಪ್ರೊಪೆಲರಿನ ಸಾಧನಕ್ಕೂ ಡ್ರೋನ್, 20 ಮೀಟರ್ ಅಗಲದ ರೆಕ್ಕೆಯ ಎಂಕ್ಯು-9ಕ್ಕೂ ಡ್ರೋನ್. ಆಕಾಶದಲ್ಲಿ ಪಕ್ಕದಲ್ಲಿ ಮರವಾಗಲಿ ಮನೆಯಾಗಲಿ ಇಲ್ಲದಿರುವುದರಿಂದ ಗಾತ್ರ ತಿಳಿಯುವುದಿಲ್ಲ, ಆಕಾರವೇ ಗತಿ. ಉದ್ದ ತೆಳು ರೆಕ್ಕೆ, ಉಬ್ಬಿದ ತಲೆ, ಹಿಂದೆ ‘ವಿ’ ಆಕಾರದ ಬಾಲ ಇದ್ದರೆ ಎಂಕ್ಯು-9 ಕುಟುಂಬ. ಭಾರತ 2024ರ ಅಕ್ಟೋಬರ್‌ನಲ್ಲಿ 31 ಎಂಕ್ಯು-9ಬಿಗಳಿಗೆ ಒಪ್ಪಂದ ಮಾಡಿಕೊಂಡಿದೆ. ರೆಕ್ಕೆಯಿಂದ ಎರಡು ಕೋಲುಗಳು ಹಿಂದಕ್ಕೆ ಚಾಚಿ ಅವುಗಳ ತುದಿಯಲ್ಲಿ ತಲೆಕೆಳಗಾದ ‘ವಿ’ ಕೂತಿದ್ದರೆ ಟರ್ಕಿಯ ಬೈರಕ್ತರ್ ಟಿಬಿ-2. ಎರಡು ಕೋಲು, ಎರಡು ನಿಂತ ಬಾಲ ಇದ್ದರೆ ನಮ್ಮ ಪಡೆಗಳೂ ಬಳಸುವ ಇಸ್ರೇಲಿನ ಹೆರಾನ್. ಉಕ್ರೇನಿನ ನಗರಗಳ ಮೇಲೆ ಬೀಳುವ ಶಾಹೆದ್-136 ಬರಿಯ ತ್ರಿಕೋನ; ಮೂರೂವರೆ ಮೀಟರ್ ಉದ್ದ, ಹಿಂದೆ ಒಂದು ಪ್ರೊಪೆಲರ್, ಮೊಪೆಡ್ಡಿನಂಥ ಸದ್ದು. ಅದು ಹೋಗಿ ಹೊಡೆದು ತಾನೂ ಸಾಯುವಂಥದ್ದು, ಮರಳಿ ಬರುವುದಿಲ್ಲ.

2025ರ ಮೇ 9ರಂದು ಸರ್ಕಾರದ ಪತ್ರಿಕಾಗೋಷ್ಠಿಯಲ್ಲಿ ಕರ್ನಲ್ ಸೋಫಿಯಾ ಖುರೇಷಿ, ಪಾಕಿಸ್ತಾನ 36 ಕಡೆ ಸುಮಾರು 300ರಿಂದ 400 ಡ್ರೋನ್ ಬಳಸಿತೆಂದೂ, ಅವಶೇಷಗಳ ಪ್ರಾಥಮಿಕ ಪರೀಕ್ಷೆಯ ಪ್ರಕಾರ ಅವು ಟರ್ಕಿಯ ಸೋಂಗರ್ ಡ್ರೋನ್ ಎಂದೂ ಹೇಳಿದರು. ಅವಶೇಷ ಕೈಯಲ್ಲಿದ್ದವರೂ ‘ಪ್ರಾಥಮಿಕ’ ಎಂದೇ ಸೇರಿಸಿದರು. ಆ ಒಂದು ವಿಶೇಷಣವನ್ನು ನಿಮ್ಮ ಸ್ಕ್ರಾಲಿನಲ್ಲಿ ಕಡಿಯಬೇಡಿ.

ನಮ್ಮ ರಾಜ್ಯದಲ್ಲೇ 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೆ ಡಿಆರ್‌ಡಿಒದ ತಪಸ್ ಡ್ರೋನ್ ಬಿತ್ತು. ಚಳ್ಳಕೆರೆಯ ಪರೀಕ್ಷಾ ಕೇಂದ್ರದಿಂದ ಹಾರಿದ್ದು. ಉದ್ದನೆಯ ರೆಕ್ಕೆ, ಅದರ ಮೇಲೆ ಎರಡು ಪ್ರೊಪೆಲರ್ ಎಂಜಿನ್, ‘ಟಿ’ ಆಕಾರದ ಬಾಲ. ಚಿತ್ರದುರ್ಗದ ನಿಮ್ಮ ವರದಿಗಾರರಿಗೆ ಇಷ್ಟು ಗೊತ್ತಿದ್ದರೆ ಅಂಥ ದಿನ ಡೆಸ್ಕಿನ ಕೆಲಸ ಎಷ್ಟೋ ಹಗುರ.

ರಾತ್ರಿಯ ಚುಕ್ಕೆಗಳ ಕಥೆ ಬೇರೆ. ವಿಮಾನದ ಎಡ ರೆಕ್ಕೆಯ ತುದಿಗೆ ಕೆಂಪು ದೀಪ, ಬಲಕ್ಕೆ ಹಸಿರು, ಹಿಂದೆ ಬಿಳಿ. ನಿಮ್ಮ ಬಲಗಡೆಗೆ ಕೆಂಪು, ಎಡಗಡೆಗೆ ಹಸಿರು ಕಂಡರೆ ಅದು ನಿಮ್ಮತ್ತಲೇ ಬರುತ್ತಿರುವ ಮಾಮೂಲಿ ವಿಮಾನ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನ ‘ಡ್ರೋನ್ ಬಂತು’ ಎಂದು ಸಾವಿರಾರು ದೂರು ಕೊಟ್ಟರು. ಪರಿಶೀಲಿಸಿದ ಸರ್ಕಾರಿ ಸಂಸ್ಥೆಗಳು ಅವುಗಳಲ್ಲಿ ಕಾನೂನುಬದ್ಧ ಡ್ರೋನ್, ವಿಮಾನ, ಹೆಲಿಕಾಪ್ಟರುಗಳ ಜೊತೆಗೆ ನಕ್ಷತ್ರಗಳೂ ಸೇರಿವೆ ಎಂದವು. ಅಮೆರಿಕದವರನ್ನು ನೋಡಿ ನಗುವ ಮುನ್ನ ಲಡಾಖ್ ನೆನಪಿರಲಿ. 2012-13ರಲ್ಲಿ ಪ್ಯಾಂಗಾಂಗ್ ಸರೋವರದ ಕಡೆ ನಮ್ಮ ಯೋಧರು ಆಕಾಶದಲ್ಲಿ ಬೆಳಕು ಕಂಡಿದ್ದನ್ನು 300ಕ್ಕೂ ಹೆಚ್ಚು ಬಾರಿ ದಾಖಲಿಸಿದರು, ಚೀನಾದ ಬೇಹು ಡ್ರೋನ್ ಇರಬಹುದೆಂದು. ಕೊನೆಗೆ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ನೋಡಿ ಹೇಳಿದರು: ಒಂದು ಗುರು, ಇನ್ನೊಂದು ಶುಕ್ರ. ಸೇನೆ ಗುಂಡು ಹಾರಿಸಲಿಲ್ಲ, ಗೊತ್ತಿದ್ದವರನ್ನು ಕೇಳಿತು. ಅನುಕರಿಸಬೇಕಾದ ನಡೆ ಅದು.

ಆಟದ ದೃಶ್ಯ

‘ಆರ್ಮಾ 3’ ಎಂಬ ಯುದ್ಧದ ವಿಡಿಯೊ ಗೇಮ್ ಇದೆ. ಅದರ ತುಣುಕುಗಳನ್ನು ಉಕ್ರೇನ್, ಗಾಜಾ, ಭಾರತ-ಪಾಕಿಸ್ತಾನ ಎಲ್ಲ ಯುದ್ಧಗಳಿಗೂ ಅಂಟಿಸಿದ್ದಾರೆ. ಬೇಸತ್ತು ಅದನ್ನು ತಯಾರಿಸಿದ ಬೊಹೀಮಿಯಾ ಇಂಟರ್‌ಆ್ಯಕ್ಟಿವ್ ಕಂಪನಿಯೇ 2022ರ ನವೆಂಬರ್‌ನಲ್ಲಿ ಪ್ರಕಟಣೆ ಹೊರಡಿಸಿ, ತನ್ನ ಆಟದ ದೃಶ್ಯ ಗುರುತಿಸುವ ಬಗೆಯನ್ನು ವಿವರಿಸಿತು. ದೃಶ್ಯ ಬೇಕೆಂದೇ ಮಸುಕಾಗಿರುತ್ತದೆ, ಕ್ಯಾಮೆರಾ ಬೇಕೆಂದೇ ನಡುಗುತ್ತದೆ, ಸಾಮಾನ್ಯವಾಗಿ ಕತ್ತಲು ಅಥವಾ ರಾತ್ರಿ. ಓಡಾಡುವ ಮನುಷ್ಯರು ಕಾಣುವುದಿಲ್ಲ, ಅನೇಕ ಸಲ ಧ್ವನಿ ಇರುವುದಿಲ್ಲ. ಹೊಗೆ, ಧೂಳು ಸಹಜವಾಗಿ ಹರಡುವುದಿಲ್ಲ. ಗುರುತಿಸುವ ವಿದ್ಯೆ ಇಲ್ಲೂ ಉಪಯೋಗಕ್ಕೆ ಬರುತ್ತದೆ: ತೆರೆಯ ಮೇಲಿನ ವಿಮಾನ ಕಾದಾಡುತ್ತಿರುವ ದೇಶಗಳ ಬಳಿ ಇದೆಯೇ? ಅಮೆರಿಕದ ಎ-10 ವಿಮಾನ ಪಾಕಿಸ್ತಾನದ ಮೇಲೆ ಗುಂಡು ಸುರಿಯುತ್ತಿರುವ ದೃಶ್ಯ ಬಂದರೆ, ಭಾರತದ ಬಳಿ ಎ-10 ಇಲ್ಲ ಎಂಬ ಒಂದೇ ತಿಳಿವಳಿಕೆಯಿಂದ ಅದನ್ನು ಕಸದ ಬುಟ್ಟಿಗೆ ಹಾಕಬಹುದು.

ತಿಳಿದದ್ದನ್ನು ಹೇಳದಿರುವುದು

ಈ ಪತ್ರದಿಂದ ಯಾರಿಗಾದರೂ ಹುಮ್ಮಸ್ಸು ಬಂದು, ನಮ್ಮದೇ ಪಡೆಗಳ ಸಂಚಾರವನ್ನು ಗುರುತಿಸಿ ‘ಇಂಥ ಹೆದ್ದಾರಿಯಲ್ಲಿ ಇಂಥ ಕ್ಷಿಪಣಿ ವಾಹನ’ ಎಂದು ನೇರ ಪ್ರಸಾರ ಮಾಡಿದರೆ ನಾನು ಬರೆಯದಿರುವುದೇ ವಾಸಿಯಿತ್ತು. 2025ರ ಏಪ್ರಿಲ್ 26ರಂದು ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಎಲ್ಲ ಮಾಧ್ಯಮಗಳಿಗೂ ಸೂಚನೆ ಕಳಿಸಿ, ಕಾರ್ಗಿಲ್ ಯುದ್ಧ, 26/11, ಕಂದಹಾರ್ ಅಪಹರಣದ ಹೊತ್ತಿನ ಅಡೆತಡೆಯಿಲ್ಲದ ಪ್ರಸಾರದ ಪರಿಣಾಮವನ್ನು ನೆನಪಿಸಿತ್ತು. ಕೇಬಲ್ ಟೆಲಿವಿಷನ್ ನಿಯಮದ 6(1)(ಪಿ) ಪ್ರಕಾರ, ಭಯೋತ್ಪಾದನೆ ವಿರೋಧಿ ಕಾರ್ಯಾಚರಣೆ ನಡೆಯುವಾಗ ನಿಯೋಜಿತ ಅಧಿಕಾರಿ ಕಾಲಕಾಲಕ್ಕೆ ಕೊಡುವ ವಿವರಕ್ಕೆ ಮಾತ್ರ ಪ್ರಸಾರ ಸೀಮಿತವಾಗಬೇಕು. ಕಾರವಾರದಿಂದ ಯಾವ ಹಡಗು ಎಷ್ಟು ಹೊತ್ತಿಗೆ ಹೊರಟಿತು ಎಂಬುದು ಅಲ್ಲಿಯ ಮೀನುಗಾರರಿಗೆ ಗೊತ್ತಿರಬಹುದು, ನಿಮಗೂ ಗೊತ್ತಾಗಬಹುದು. ಅದು ಸುದ್ದಿಯಾಗಬೇಕಿಲ್ಲ.

ನನ್ನ ಬೇಡಿಕೆಗಳು

ಒಂದು, ‘ಸಂಗ್ರಹ ಚಿತ್ರ’ ಎಂಬ ಪಟ್ಟಿಯನ್ನು ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಹಾಕಬೇಡಿ. ದೃಶ್ಯ ಓಡುವಷ್ಟು ಹೊತ್ತೂ ಕಾಣುವಂತೆ ಹಾಕಿ.

ಎರಡು, ಏಣಿಯ ಎಷ್ಟನೆಯ ಮೆಟ್ಟಿಲಿನಲ್ಲಿದ್ದೀರೋ ಅಲ್ಲಿಂದಲೇ ಮಾತಾಡಿ. ‘ಎರಡು ಎಂಜಿನ್ನಿನ ಯುದ್ಧವಿಮಾನ’ ಎಂದು ಬರೆದರೆ ಯಾರೂ ನಿಮ್ಮನ್ನು ಕೀಳಾಗಿ ಕಾಣುವುದಿಲ್ಲ.

ಮೂರು, ಹೆಸರು ಹಾಕುವುದಾದರೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಗುರುತಾದರೂ ಸಿಕ್ಕಿರಲಿ: ಎಂಜಿನ್ ಸಂಖ್ಯೆ ಮತ್ತು ಬಾಲ, ಗಾಲಿ ಮತ್ತು ಗೋಪುರ, ಅಂಕಿ ಮತ್ತು ಅಟ್ಟ. ಒಂದೇ ಸಿಕ್ಕರೆ ಹೆಸರು ಬೇಡ.

ನಾಲ್ಕು, ತಪ್ಪಿದರೆ ತಪ್ಪನ್ನು ಓಡಿಸಿದಷ್ಟೇ ಹೊತ್ತು, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಓಡಿಸಿ. ಸದ್ದಿಲ್ಲದೆ ವಿಡಿಯೊ ಅಳಿಸಿದರೆ ತಿದ್ದಿದಂತಾಗಲಿಲ್ಲ.

ಐದು, ಪ್ರತಿ ಡೆಸ್ಕಿನಲ್ಲಿ ಒಬ್ಬರಾದರೂ ಇದನ್ನು ಕಲಿಯಲಿ. ಕ್ರಿಕೆಟ್ಟಿಗೆ, ಸಿನಿಮಾಕ್ಕೆ, ಷೇರುಪೇಟೆಗೆ ಬಲ್ಲವರನ್ನು ಇಟ್ಟಿದ್ದೀರಲ್ಲವೇ?

ಕಲಿಯಲು ನಮ್ಮ ರಾಜ್ಯದಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಬೆಂಗಳೂರಿನ ಎಚ್‌ಎಎಲ್ ಪಾರಂಪರಿಕ ಕೇಂದ್ರದಲ್ಲಿ ವಿಮಾನಗಳ ಸುತ್ತ ನಡೆದಾಡಿ ನೋಡಬಹುದು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ‘ಚಪಲ್’ ಕ್ಷಿಪಣಿ ದೋಣಿಯ ಒಳಹೊಕ್ಕು ಬರಬಹುದು, ಪಕ್ಕದಲ್ಲೇ ಭಾರೀ ಟುಪೊಲೆವ್-142 ನಿಂತಿದೆ. ಬೀದರಿನ ಆಕಾಶದಲ್ಲಿ ಹಾಕ್ ತರಬೇತಿ ವಿಮಾನಗಳು, ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಏರೋ ಇಂಡಿಯಾ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಅಲ್ಲಿಗೆ ಬಂದಿದ್ದವು. ಒಂದಕ್ಕೆ ಒಂದು ಎಂಜಿನ್, ಇನ್ನೊಂದಕ್ಕೆ ಎರಡು. ಪಾಸ್ ಹಿಡಿದು ಬಂದ ನಿಮ್ಮ ತಂಡಗಳು ಆ್ಯಂಕರ್ ಹಿಂದೆ ವಿಮಾನ ಹಾರುವ ದೃಶ್ಯವನ್ನಷ್ಟೇ ಒಯ್ಯದೆ, ಪ್ರತಿ ವಿಮಾನವನ್ನೂ ಮುಂದಿನಿಂದ, ಮಗ್ಗುಲಿನಿಂದ, ಕೆಳಗಿನಿಂದ ಒಂದೊಂದು ಚಿತ್ರ ತೆಗೆದು ಹೆಸರು ಬರೆದಿಟ್ಟರೆ ಡೆಸ್ಕಿಗೆ ಖರ್ಚಿಲ್ಲದೆ ಒಂದು ಕೋಶ ಸಿದ್ಧ.

ಮುಂದಿನ ಸಲ ಗಡಿ ಕಾದಾಗ ಎಲ್ಲರಿಗಿಂತ ಮೊದಲು ಹೇಳಿದ ವಾಹಿನಿ ಯಾವುದು ಎಂದು ವೀಕ್ಷಕರು ನೆನಪಿಟ್ಟುಕೊಳ್ಳುವುದಿಲ್ಲ. ಯಾವ ವಾಹಿನಿಯ ಅಡಿಬರಹವನ್ನು ಮರುದಿನ ತಿದ್ದಬೇಕಾಗಲಿಲ್ಲ ಎಂಬುದನ್ನು ಸೈನಿಕರ ಮನೆಯವರು ಖಂಡಿತ ನೆನಪಿಟ್ಟುಕೊಳ್ಳುತ್ತಾರೆ. ಆ ಹೆಸರು ನಿಮ್ಮದಾಗಲಿ.

ವಿಶ್ವಾಸವಿರಲಿ,
ಯಲಹಂಕದ ಒಬ್ಬ ಓದುಗ, ವೀಕ್ಷಕ